ಅಪ್ಪಿಕೊಳ್ಳಲಾಗದ ಬೆಟ್ಟ

ಅರ್ಥವಾಗುವ, ಆಗದಿರುವ ಮಾತು ಬಂದಾಗ ಇಂಗ್ಲಿಷಿನವರ ನುಡಿಗಟ್ಟುಗಳಲ್ಲಿ ಕೈ ಕೆಲಸ ಮಾಡುತ್ತಿರುತ್ತದೆ. ತಿಳಿದರೆ ವಿಚಾರ ಹಿಡಿತಕ್ಕೆ ಬಂತು. ತಿಳಿಯದಿದ್ದರೆ ಅದು ತಲೆಯಲ್ಲಿ ಸುತ್ತಿ ಹಿಡಿಯಲಾಗದಷ್ಟು ದೊಡ್ಡದು. ಇಂಥ ರೂಪಕಗಳು ಬರಿಯ ಮಾತಿನ ಅಲಂಕಾರವಲ್ಲ, ಯೋಚನೆಯ ದಾರಿಯನ್ನೇ ಕಟ್ಟುತ್ತವೆ ಎಂದು ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಮತ್ತು ತತ್ವಜ್ಞಾನಿ ಮಾರ್ಕ್ ಜಾನ್ಸನ್ 1980ರ ‘ಮೆಟಫರ್ಸ್ ವಿ ಲಿವ್ ಬೈ’ ಪುಸ್ತಕದಲ್ಲಿ ವಾದಿಸಿದರು. ಹಾಗಿದ್ದರೆ, ಹಿಡಿತಕ್ಕೆ ಸಿಗದ್ದು ಅರಿವಿಗೂ ಸಿಗುವುದಿಲ್ಲವೇ?

ಈ ಹಿಡಿತ ಬಹಳ ಹಳೆಯದು. ಗ್ರೀಕ್ ತತ್ವಶಾಸ್ತ್ರದ ಸ್ಟೋಯಿಕ್ ಪಂಥವನ್ನು ಆರಂಭಿಸಿದ ಸಿಟಿಯಮ್‌ನ ಝೀನೊ ಅರಿವನ್ನು ಕೈಯಲ್ಲೇ ಅಭಿನಯಿಸಿ ತೋರಿಸುತ್ತಿದ್ದನೆಂದು ರೋಮಿನ ಲೇಖಕ ಸಿಸೆರೊ ಬರೆದಿಟ್ಟಿದ್ದಾನೆ. ಬೆರಳು ಚಾಚಿದ ಅಂಗೈ ಎಂದರೆ ಮನಸ್ಸಿಗೆ ಬಂದ ತೋರಿಕೆ. ಬೆರಳು ತುಸು ಮಡಚಿದರೆ ಅದಕ್ಕೆ ಕೊಟ್ಟ ಒಪ್ಪಿಗೆ. ಮುಷ್ಟಿ ಕಟ್ಟಿದರೆ ಗ್ರಹಿಕೆ. ಕೊನೆಗೆ ಎಡಗೈಯನ್ನು ತಂದು ಆ ಮುಷ್ಟಿಯನ್ನು ಬಿಗಿಯಾಗಿ ಅದುಮಿದರೆ, ಅದು ಜ್ಞಾನ. ಪೂರ್ಣ ವಿವೇಕಿಗೆ ಮಾತ್ರ ದಕ್ಕುವಂಥದ್ದು. ಅಂಥ ವಿವೇಕಿ ಯಾರೆಂಬುದನ್ನು ಸ್ಟೋಯಿಕರೇ ಹೇಳುತ್ತಿರಲಿಲ್ಲ ಎಂದೂ ಸಿಸೆರೊ ಸೇರಿಸುತ್ತಾನೆ.

ದೇವರ ಮುಂದೆ ಈ ಮುಷ್ಟಿ ನಿಲ್ಲಲಿಲ್ಲ.

ಉತ್ತರ ಆಫ್ರಿಕಾದ ಹಿಪ್ಪೊದಲ್ಲಿ ಬಿಷಪ್ಪನಾಗಿದ್ದ ಅಗಸ್ಟೀನ್ ತನ್ನ 117ನೇ ಪ್ರವಚನದಲ್ಲಿ, ನಿನಗೆ ಪೂರ್ತಿ ದಕ್ಕಿದ್ದು ದೇವರಾಗಿರಲಾರದು ಎಂದ. ಜನ ಹೆಚ್ಚಾಗಿ ಇಷ್ಟನ್ನೇ ನೆನೆಯುತ್ತಾರೆ, ದೇವರ ಬಗ್ಗೆ ಬಾಯಿ ಮುಚ್ಚಿಕೊಂಡಿರಬೇಕೆಂದು ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಅವನ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಮನಸ್ಸಿನಿಂದ ದೇವರನ್ನು ಒಂದಿಷ್ಟು ಮುಟ್ಟುವುದೇ ದೊಡ್ಡ ಭಾಗ್ಯವೆಂದು ಅದೇ ಪ್ರವಚನದಲ್ಲಿ ಹೇಳುತ್ತಾನೆ. ಮುಟ್ಟುವುದು ಬೇರೆ, ಹಿಡಿಯುವುದು ಬೇರೆ: ಆ ಪ್ರವಚನದ ಜೀವ ಇರುವುದು ಇಲ್ಲಿ.

ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1630ರ ಮೇ 27ರಂದು ಫ್ರೆಂಚ್ ತತ್ವಜ್ಞಾನಿ ರೆನೆ ಡೆಕಾರ್ಟ್ ತನ್ನ ಗೆಳೆಯ ಮರ್ಸೆನ್‌ಗೆ ಬರೆದ ಪತ್ರದಲ್ಲಿ ಇದೇ ಭೇದ ಬೆಟ್ಟದ ರೂಪ ತಾಳಿತು. ಮರವನ್ನು ತೋಳುಗಳಲ್ಲಿ ತಬ್ಬಬಹುದು. ಬೆಟ್ಟವನ್ನು ತಬ್ಬಲಾಗದು, ಮುಟ್ಟಬಹುದು. ಪೂರ್ತಿ ಗ್ರಹಿಸಲು ಅಪ್ಪುಗೆ ಬೇಕು. ತಿಳಿಯಲು ಸ್ಪರ್ಶ ಸಾಕು. ದೇವರು ಅನಂತನೆಂದು ಸೀಮಿತ ಆತ್ಮ ಹೇಗೆ ಅರಿತೀತು ಎಂಬ ಪ್ರಶ್ನೆಗೆ ಇದು ಅವನ ಉತ್ತರ.

ಇದು ಜಾಣ ತಪ್ಪಿಸಿಕೊಳ್ಳುವಿಕೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅರ್ಧ ತಿಳಿದದ್ದಕ್ಕೆ ಗೌರವದ ಹೆಸರು ಕೊಟ್ಟಂತಾಯಿತು ಎನ್ನಬಹುದು. ಆ ಆಕ್ಷೇಪ ನಿಲ್ಲುವುದಿಲ್ಲ. ಬೆಟ್ಟ ಮುಟ್ಟಿದವನಿಗೆ ಬೆಟ್ಟ ಇದೆಯೆಂಬುದರಲ್ಲಿ ಅರೆಬರೆ ಏನೂ ಇಲ್ಲ. 1641ರ ‘ಮೆಡಿಟೇಷನ್ಸ್’ ಕೃತಿಯ ಮೂರನೆಯ ಧ್ಯಾನದಲ್ಲಿ ಡೆಕಾರ್ಟ್ ಇನ್ನೂ ಮುಂದೆ ಹೋಗುತ್ತಾನೆ: ತನ್ನಲ್ಲಿರುವ ಎಲ್ಲ ಪರಿಕಲ್ಪನೆಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು, ತಾನು ಪೂರ್ತಿ ಗ್ರಹಿಸಲಾರದ ಆ ಅನಂತನ ಪರಿಕಲ್ಪನೆಯೇ ಎನ್ನುತ್ತಾನೆ.