ಗಾಳಿಮರದ ನೀರು ಮತ್ತು ಶ್ರಾವಕಧರ್ಮ

ವೃಕ್ಷವು ಬೇರಿನಿಂದ ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲನ್ನು ಎಲೆಗಳ ಮೂಲಕ ಆವಿಯಾಗಿ ಹೊರಬಿಡುತ್ತದೆ. ತನಗೆಂದು ಉಳಿಸಿಕೊಳ್ಳುವುದು ಅತ್ಯಲ್ಪ. ಬಾಷ್ಪವಿಸರ್ಜನೆಯೆಂಬ ಈ ಕ್ರಿಯೆಯನ್ನು ಕಂಡು ವೃಕ್ಷವನ್ನು ಅಪರಿಗ್ರಹದ ಆದರ್ಶವೆಂದು ಹೊಗಳುವವರುಂಟು. ಹೊಗಳಿಕೆ ಇಂಪಾಗಿದೆ, ಆದರೆ ವಿಚಾರಕ್ಕೆ ನಿಲ್ಲುವುದೇ?

ಪತ್ರರಂಧ್ರಗಳು ತೆರೆಯುವುದು ನೀರನ್ನು ದಾನಮಾಡಲೆಂದಲ್ಲ. ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈ ಆಕ್ಸೈಡನ್ನು ಗಾಳಿಯಿಂದ ಪಡೆಯಲೆಂದು. ತೆರೆದ ಬಾಗಿಲಿನಿಂದ ಆವಿಯೂ ಹೊರಬೀಳುತ್ತದೆ. ಆ ಸೆಳೆತಕ್ಕೆ ಬೇರಿನಿಂದ ತುದಿಯವರೆಗಿನ ನೀರಿನ ಎಳೆ ಮೇಲೇರುತ್ತದೆ, ಮಣ್ಣಿನ ಲವಣಗಳೂ ಅದರೊಡನೆ ಬರುತ್ತವೆ. ನೀರಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುವುದರಿಂದ ಎಳೆ ತುಂಡಾಗದೆಂದು ಡಿಕ್ಸನ್ ಮತ್ತು ಜೋಲಿ ಎಂಬ ವಿಜ್ಞಾನಿಗಳು 1894ರಲ್ಲಿ ಪ್ರತಿಪಾದಿಸಿದರು.

ಅರ್ಗಾ ಮೊದಲಾದ ಊರುಗಳಿರುವ ಕಾರವಾರದ ಕರಾವಳಿಯನ್ನೇ ನೋಡಬಹುದು. ಈ ಭಾಗಕ್ಕೆ ಗಾಳಿಮರವನ್ನು ಸೌದೆಗಾಗಿ ತಂದುದು 1868ರಲ್ಲಿ. ಇಲ್ಲಿ ಮಳೆಗಾಲದ ನಾಲ್ಕು ತಿಂಗಳು ಧಾರಾಕಾರ ಮಳೆ. ಆದರೆ ಮರಳು ನೀರನ್ನು ಹಿಡಿದಿಡದು, ಮುಂದೆ ಬಿಸಿಲು, ಉಪ್ಪುಗಾಳಿ. ಗಾಳಿಮರದಲ್ಲಿ ಸೂಜಿಯಂತೆ ಕಾಣುವುದು ಎಲೆಯಲ್ಲ, ಹಸಿರು ಕಿರುರೆಂಬೆ. ನಿಜವಾದ ಎಲೆಗಳು ಅದರ ಗಿಣ್ಣುಗಳಲ್ಲಿ ಸಣ್ಣ ಹುರುಪೆಗಳಾಗಿ ಉಳಿದಿವೆ. ಪತ್ರರಂಧ್ರಗಳು ರೆಂಬೆಯ ಗೀರುಗಳೊಳಗೆ ಅಡಗಿರುವುದರಿಂದ ಆವಿ ಬೇಗ ಹಾರಿಹೋಗದು. ಧಾರಾಳವಾಗಿ ನೀರು ಬಿಡುವ ಮರ ತ್ಯಾಗಿಯಾದರೆ ಈ ಮರವನ್ನು ಲೋಭಿಯೆನ್ನಬೇಕಾದೀತು! ಎರಡೂ ಸಲ್ಲದು. ವನಸ್ಪತಿಕಾಯ ಜೀವವು ಸ್ಪರ್ಶವೊಂದನ್ನೇ ಉಳ್ಳ ಏಕೇಂದ್ರಿಯ, ಮನಸ್ಸಿಲ್ಲದ್ದು. ತ್ಯಾಗಕ್ಕಾದರೋ ಅರಿವು ಬೇಕು.

ಹಾಗಾದರೆ ಹೊಣೆ ಮನಸ್ಸುಳ್ಳವನದು. ಗೃಹಸ್ಥನಿಗೆ ಸ್ಥಾವರ ಜೀವಗಳ ಹಿಂಸೆಯನ್ನು ಪೂರ್ತಿ ಬಿಡಲಾಗದು. ಆದರೆ ಪ್ರಯೋಜನವಿಲ್ಲದೆ ನೀರು ಚೆಲ್ಲುವುದನ್ನೂ ಗಿಡ ಕಡಿಯುವುದನ್ನೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಎಣಿಸಿದ್ದಾರೆ. ಕೊಡಲಿಯಿಲ್ಲದೆಯೂ ಈ ಪ್ರಮಾದ ನಡೆಯುತ್ತದೆ. ಸ್ವಚ್ಛತೆಗೆಂದು ಬಸದಿಯ ಅಂಗಳಕ್ಕೆ ಕಲ್ಲು ಹಾಸುವಾಗ ಕಾಂಡದ ಬುಡದವರೆಗೂ ಸಿಮೆಂಟು ಬಳಿಯುವುದುಂಟು. ಮಳೆನೀರು ಚರಂಡಿಗೆ ಹರಿಯುತ್ತದೆ. ಬೇರಿಗೆ ನೀರೂ ಗಾಳಿಯೂ ಎಟಕವು. ನೀರು ಸಾಲದಾದಾಗ ಮರ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಅದರೊಡನೆ ಆಹಾರದ ತಯಾರಿಕೆಯೂ ಕುಂದುತ್ತದೆ. ವರ್ಷಗಟ್ಟಲೆ ನಡೆಯುವ ಈ ಉಪವಾಸ ಯಾರ ಕಣ್ಣಿಗೂ ಬೀಳದು. ಮರ ಒಣಗಿದ ಮೇಲೆ ವಯಸ್ಸಾಗಿತ್ತೆಂದು ಹೇಳಿ ಮುಗಿಸುತ್ತಾರೆ.

ಅಂಗಳದ ಹಾದಿಗೆ ಕಲ್ಲು ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಬುಡದ ಸುತ್ತಣ ಸಿಮೆಂಟನ್ನು ಬೇರಿಗೆ ಪೆಟ್ಟಾಗದಂತೆ ಮೇ ತಿಂಗಳೊಳಗೆ ಬಿಡಿಸಿದರೆ, ಜೂನಿನ ಮೊದಲ ಮಳೆಯೇ ಮಣ್ಣಿಗೆ ಇಳಿದೀತು.