ಮೊಲದ ಕೈ ಹೋದದ್ದೆಲ್ಲಿಗೆ?



ಮಕ್ಕಳು ಟೀವಿಯ ಮುಂದೆ ಕಾರ್ಟೂನ್ ಚಿತ್ರ ನೋಡುತ್ತಾ ಕುಳಿತರೆ ಹಿರಿಯರಾದ ನಾವು ಅಡುಗೆಮನೆಗೋ ಪತ್ರಿಕೆಗೋ ಹೊರಳುತ್ತೇವೆ. ಪ್ರಾಣಿಗಳ ಕಥೆಯಲ್ಲಿ ನಮಗೇನು ಕೆಲಸ ಎಂಬ ಭಾವನೆ. ಆದರೆ 2016ರಲ್ಲಿ ಡಿಸ್ನಿ ಸಂಸ್ಥೆ ಹೊರತಂದ, ಮರುವರ್ಷ ಆಸ್ಕರ್ ಪ್ರಶಸ್ತಿ ಪಡೆದ ‘ಝೂಟೋಪಿಯಾ’ ಚಿತ್ರವನ್ನು ಮಾತ್ರ ಮಕ್ಕಳ ಪಕ್ಕದಲ್ಲಿ ಕುಳಿತೇ ನೋಡಬೇಕು.

ಆ ನಗರದಲ್ಲಿ ಮನುಷ್ಯರಿಲ್ಲ. ಮೊಲ, ಕುರಿಗಳಂಥ ಸಾಧುಪ್ರಾಣಿಗಳೂ ಒಂದು ಕಾಲದಲ್ಲಿ ಅವುಗಳನ್ನು ಬೇಟೆಯಾಡುತ್ತಿದ್ದ ಪ್ರಾಣಿಗಳೂ ನೆರೆಹೊರೆಯಾಗಿ ಬಾಳುತ್ತಿವೆ. ರೈತ ಕುಟುಂಬದ ಮೊಲ ಜೂಡಿ ಪೊಲೀಸ್ ಕೆಲಸಕ್ಕೆಂದು ಪಟ್ಟಣಕ್ಕೆ ಹೊರಟಾಗ ತಂದೆತಾಯಿ ಅವಳ ಕೈಗೊಂದು ಡಬ್ಬಿ ಕೊಡುತ್ತಾರೆ. ನರಿಗಳನ್ನು ಓಡಿಸುವ ಸ್ಪ್ರೇ ಅದು. ಗಮನಿಸಿ, ಅವರು ಕೆಟ್ಟವರಲ್ಲ, ಪ್ರೀತಿಯಿಂದಲೇ ಕೊಟ್ಟದ್ದು. ಪೂರ್ವಗ್ರಹ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುವುದು ಬಹುಮಟ್ಟಿಗೆ ಹೀಗೆಯೇ, ಬುತ್ತಿಯ ಜೊತೆಗೆ.

ಜೂಡಿಯೂ ಒಳ್ಳೆಯವಳೇ. ನಿಕ್ ಎಂಬ ನರಿಯ ಜೊತೆ ಸೇರಿ ಕಾಣೆಯಾದವರನ್ನು ಪತ್ತೆಹಚ್ಚುತ್ತಾಳೆ. ಬಾಲ್ಯದಲ್ಲಿ ಇತರ ಮಕ್ಕಳು ಅವನ ಬಾಯಿಗೆ ಕುಕ್ಕೆ ಹಾಕಿ ಅವಮಾನಿಸಿದ ಕಥೆ ಕೇಳಿ ಮರುಗುತ್ತಾಳೆ. ಆದರೂ ಪತ್ರಕರ್ತರ ಮುಂದೆ ನಿಂತಾಗ, ಬೇಟೆಪ್ರಾಣಿಗಳ ಹುಟ್ಟಿನಲ್ಲೇ ಕ್ರೌರ್ಯವಿದೆ ಎಂಬರ್ಥದ ಮಾತು ಅವಳ ಬಾಯಿಂದ ಹೊರಬೀಳುತ್ತದೆ. ನೊಂದ ನಿಕ್, ನನ್ನನ್ನು ಕಂಡರೂ ಭಯವೇ ಎಂದು ಕೇಳಿ, ಮೈಮೇಲೆ ಬೀಳುವಂತೆ ನಟಿಸುತ್ತಾನೆ. ತಕ್ಷಣ ಅವಳ ಕೈ ಸೊಂಟದ ಡಬ್ಬಿಯತ್ತ ಹೋಗುತ್ತದೆ. ಅಷ್ಟು ಸಾಕು, ಗೆಳೆತನ ಮುರಿಯುತ್ತದೆ. ಅನಂತರ ನಗರ ಬದಲಾಗುವ ರೀತಿ ನೋಡಿ. ರೈಲಿನಲ್ಲಿ ತನ್ನ ಪಾಡಿಗೆ ತಾನಿದ್ದ ಹುಲಿಯನ್ನು ಕಂಡು ಮೊಲದ ತಾಯಿಯೊಬ್ಬಳು ಮಗುವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ. ಠಾಣೆಯ ಬಾಗಿಲಲ್ಲಿ ನಗುನಗುತ್ತಾ ಸ್ವಾಗತಿಸುತ್ತಿದ್ದ ಚೀತಾವನ್ನು ಕೆಳಗಿನ ಕಡತಗಳ ಕೋಣೆಗೆ ಕಳುಹಿಸುತ್ತಾರೆ. ಬಂದವರಿಗೆ ಮೊದಲು ಕಾಣುವ ಮುಖ ಅದಾಗಬಾರದಂತೆ!

ಕಥೆಯಲ್ಲಿ ಒಂದು ಕೊರತೆಯೂ ಇದೆ. ಅಲ್ಲಿನ ನರಿ ಹುಲಿಗಳ ಪೂರ್ವಜರು ನಿಜವಾಗಿಯೂ ಮೊಲಗಳನ್ನು ತಿಂದವರು. ಲೋಕದಲ್ಲಿ ಬಣ್ಣದ ಹೆಸರಿನಲ್ಲಿ, ಜಾತಿಯ ಹೆಸರಿನಲ್ಲಿ ದೂರವಿಡಲಾದವರು ಯಾರನ್ನು ತಿಂದಿದ್ದರು? ತುತ್ತಾದವರೇ ಅವರು. ಕಾರ್ಟೂನುಗಳೂ ಈ ಪಾಪದಿಂದ ಹೊರತಲ್ಲ. 1941ರ ‘ಡಂಬೊ’ದಲ್ಲಿ ಅಮೆರಿಕದ ಕಪ್ಪು ಜನರನ್ನು ಅಣಕಿಸುವಂಥ ಕಾಗೆಗಳಿದ್ದವು. 1992ರ ‘ಅಲ್ಲಾದೀನ್’ ಚಿತ್ರದ ಹಾಡೊಂದರ ಸಾಲನ್ನು, ಅಮೆರಿಕದ ಅರಬರು ಪ್ರತಿಭಟಿಸಿದ ಮೇಲೆ, 1993ರಲ್ಲಿ ಬದಲಿಸಬೇಕಾಯಿತು.

ಜೂಡಿಯ ಕೈ ಡಬ್ಬಿಗೆ ಹೋದ ಆ ಗಳಿಗೆ ನನಗೆ ಸಂತ ಪೇತ್ರರನ್ನು ನೆನಪಿಸುತ್ತದೆ. ಪ್ರೇಷಿತರ ಕಾರ್ಯಕಲಾಪಗಳ 10ನೆಯ ಅಧ್ಯಾಯ ತೆರೆಯಿರಿ. ಯೊಪ್ಪದಲ್ಲಿ ಪೇತ್ರರು ಇಳಿದುಕೊಂಡದ್ದು ಚರ್ಮ ಹದಮಾಡುವ ಸಿಮೋನನ ಮನೆಯಲ್ಲಿ. (ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಮಧ್ಯಾಹ್ನ ಮಾಳಿಗೆಯ ಮೇಲೆ ಪ್ರಾರ್ಥಿಸುತ್ತಿದ್ದಾಗ ಆಕಾಶದಿಂದ ದೊಡ್ಡ ದುಪ್ಪಟಿಯಂಥದ್ದು ಇಳಿಯುತ್ತದೆ, ಅದರ ತುಂಬ ಸಕಲ ವಿಧದ ಪ್ರಾಣಿಗಳು, ಹರಿದಾಡುವ ಜಂತುಗಳು, ಪಕ್ಷಿಗಳು. ದೇವರು ಶುದ್ಧವೆಂದದ್ದನ್ನು ನೀನು ಅಶುದ್ಧವೆನ್ನಬಾರದೆಂಬ ಎಚ್ಚರಿಕೆ ಮೂರು ಸಲ. ಅದು ಪ್ರಾಣಿಗಳ ಮಾತಲ್ಲ, ಮನುಷ್ಯರ ಮಾತು ಎಂಬುದನ್ನು ಪೇತ್ರರು ಬಾಯಿಬಿಟ್ಟು ಹೇಳಿದ್ದು ರೋಮನ್ ಶತಾಧಿಪತಿ ಕೊರ್ನೇಲಿಯನ ಹೊಸ್ತಿಲು ದಾಟಿದಾಗ.

ಅಲ್ಲಿಗೆ ಪಾಠ ಮುಗಿಯಿತೇ? ಇಲ್ಲ. ಗಲಾತ್ಯರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಇದೇ ಪೇತ್ರರು ಅಂತಿಯೋಕ್ಯದಲ್ಲಿದ್ದಾರೆ. ಯೆಹೂದ್ಯರಲ್ಲದವರೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದವರು, ಯಕೋಬರ ಕಡೆಯವರು ಬಂದೊಡನೆ ಭಯಪಟ್ಟು ಹಿಂದೆ ಸರಿದು ಬೇರೆಯಾದರು. ಬಾರ್ನಬರೂ ಅವರ ಹಿಂದೆಯೇ ಹೋದರು. ದರ್ಶನ ಕಂಡವರು, ಧರ್ಮಸಭೆಯ ಬಂಡೆಯೆನಿಸಿದವರು! ಸತ್ಯ ತಿಳಿಯದೆ ಎಡವಿದ್ದಲ್ಲ. ನೋಡುವವರು ಏನೆಂದಾರೋ ಎಂಬ ಅಂಜಿಕೆಗೆ ಎಡವಿದ್ದು. ಪೌಲರು ಎಲ್ಲರ ಎದುರಿಗೇ ಅವರನ್ನು ಆಕ್ಷೇಪಿಸಿದರು.

ಪಂಕ್ತಿಯ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. ಝೂಟೋಪಿಯಾ ಬಂದ 2016ರ ಡಿಸೆಂಬರಿನಲ್ಲೇ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗೂ ಜಾತಿ ತಾರತಮ್ಯ ಉಳಿದಿದೆಯೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಭಾನುವಾರ ಒಂದೇ ಪೀಠದ ಮುಂದೆ ಪರಮಪ್ರಸಾದ ಸ್ವೀಕರಿಸುವ ನಾವು, ಮಗಳಿಗೆ ಸಂಬಂಧ ನೋಡುವಾಗ, ಮನೆ ಬಾಡಿಗೆಗೆ ಕೊಡುವಾಗ, ಕೆಲಸದಾಕೆಗೆ ಲೋಟ ಬೇರೆ ಇಡುವಾಗ, ಕೈ ಹಾಕುವುದು ಯಾವ ಡಬ್ಬಿಗೆ?

ಜೂಡಿ ಕೊನೆಗೆ ನಿಕ್ಕನ ಬಳಿ ಹೋಗಿ ಅಳುತ್ತಾ ಕ್ಷಮೆ ಬೇಡುತ್ತಾಳೆ. ಊರಿನಲ್ಲಿ ಅವಳ ತಂದೆತಾಯಿಯೂ ಬದಲಾಗಿದ್ದಾರೆ. ಬಾಲ್ಯದಲ್ಲಿ ಮಗಳ ಕೆನ್ನೆ ಪರಚಿದ್ದ ನರಿ ಈಗ ಬೇಕರಿಯವನು, ಅವನೊಡನೆ ಪಾಲುಗಾರಿಕೆಯ ವ್ಯಾಪಾರ. ಮನೆಯಲ್ಲಿ ಈ ಚಿತ್ರ ಹಾಕಿದಾಗ ರೈಲಿನ ದೃಶ್ಯದಲ್ಲಿ ಒಂದು ನಿಮಿಷ ನಿಲ್ಲಿಸಿ. ಮೊಲದ ತಾಯಿ ಮಗುವನ್ನೇಕೆ ಎಳೆದುಕೊಂಡಳು ಎಂದು ಮಕ್ಕಳನ್ನು ಕೇಳಿ. ಅವರು ನಿಮ್ಮನ್ನು ಮರಳಿ ಕೇಳುವ ಪ್ರಶ್ನೆಗಳಿಗೂ ಸಿದ್ಧರಾಗಿರಿ.