ಲೆಕ್ಕದ ಸಾಕ್ಷಿ

ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಲೆಕ್ಕವೇ ಸಾಕ್ಷಿಯೆಂಬುದು ನಿಜ. ಆದರೆ ಆ ಸಾಕ್ಷಿಯು ಯಾರ ವಶದಲ್ಲಿರತಕ್ಕದ್ದು?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತೊಗರಿಯ ಸೀಮೆ. ಮುಂಗಾರಿನಲ್ಲಿ ಬಿತ್ತಿದ ತೊಗರಿಯು ಮನೆಗೆ ಬರುವುದು ಡಿಸೆಂಬರ್, ಜನವರಿಗಳಲ್ಲಿ. ಅಲ್ಲಿಯವರೆಗೆ ಅನೇಕ ಮನೆಗಳಿಗೆ ಎಣ್ಣೆ ಬೆಲ್ಲಗಳು ಬರುವುದು ಉದ್ರಿಯ ಮೇಲೆ. ಆ ಉದ್ರಿಯು ಕಿರಾಣಿ ಅಂಗಡಿಯ ವಹಿಯಲ್ಲಿ ಮಾತ್ರ ಬರೆಯಲ್ಪಡುವುದು. ಅಕ್ಷರವರಿಯದ ರೈತನು ಅದನ್ನು ನಂಬಬೇಕು. ನಂಬದಿದ್ದರೆ ಮುಂದಿನ ತಿಂಗಳ ಎಣ್ಣೆಯಿಲ್ಲ. ಅಂಗಡಿಕಾರನು ಸತ್ಯವಂತನಾಗಿದ್ದರೂ ಈ ಸಂಬಂಧವು ನ್ಯಾಯವಾದುದೆನ್ನಲಾಗದು. ಅಲ್ಲಿ ಸತ್ಯವು ಒಬ್ಬನ ದಯೆಯಷ್ಟೆ.

ಒಬ್ಬರ ಕೈಯಲ್ಲೇ ಉಳಿದ ಪತ್ರದ ಗತಿಯನ್ನು ನೆರೆಯ ಮುಂಬಯಿ ಪ್ರಾಂತವು ಕಂಡಿತ್ತು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಬಳಿಕ ಬಂದ 1879ರ ಕಾಯದೆಯು ರಸೀದಿಯನ್ನೂ ಲೆಕ್ಕದ ಪ್ರತಿಯನ್ನೂ ಕೇಳುವ ಹಕ್ಕನ್ನು ರೈತನಿಗೆ ಕೊಟ್ಟಿತು. ಎರಡನೆಯ ಪ್ರತಿಗೆ ಅಷ್ಟು ಬೆಂಕಿ ಬೇಕಾಯಿತು! ಕಾಯದೆಯು ಸೊಲ್ಲಾಪುರದ ವರೆಗೆ ಬಂದಿತು. ನಿಜಾಮನ ಆಳ್ವಿಕೆಯಲ್ಲಿದ್ದ ಈ ತಾಲ್ಲೂಕುಗಳನ್ನು ಮುಟ್ಟಲಿಲ್ಲ.

2016ರಲ್ಲಿ ಆರಂಭವಾದ ಯುಪಿಐ ಈ ಪ್ರತಿಯನ್ನು ಕೇಳದೆಯೇ ಕೊಡುತ್ತದೆ. ರೈತನು ಹತ್ತು ರೂಪಾಯಿ ಕೊಟ್ಟರೂ ಅದರ ಗುರುತು ಇಬ್ಬರಲ್ಲಿಯೂ ಉಳಿಯುವುದು. ಅದರ ವೇಗವನ್ನು ಹೊಗಳುವವರು ಬಹಳ. ಈ ಸಮತ್ವವನ್ನು ಗಮನಿಸಿದವರು ಕಡಮೆ. ಆದರೂ ಉದ್ರಿಯು ವಹಿಯಲ್ಲಿಯೇ ನಿಂತಿದೆ. ಯಂತ್ರಕ್ಕೆ ಬಂದ ಹಣವು ಗೊತ್ತು. ‘ರಾಶಿಯಾದ ಮೇಲೆ ಕೊಡುತ್ತೇನೆ’ ಎಂಬ ಮಾತು ಗೊತ್ತಿಲ್ಲ.

ಇಷ್ಟರಲ್ಲಿ ಅಂಗಡಿಕಾರನೂ ಸಾಕ್ಷಿಗೆ ಅಂಜುವ ಕಾಲವು ಬಂದಿತು. 2025ರ ಜುಲೈ ವೇಳೆಗೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳನ್ನು ನೋಡಿ, ಸರಕಿನ ವ್ಯಾಪಾರವು ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿತೆಂದು ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತ್ತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಆದರೂ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬನಿಗೆ ನೋಟೀಸು ಹೋಯಿತು. ಹಣವೆಷ್ಟೆಂದು ಸಾಕ್ಷಿಯು ಹೇಳಿತು, ಮಾರಿದ್ದೇನೆಂದು ಹೇಳಲಿಲ್ಲ. ಹಲವರು ಕ್ಯೂಆರ್ ಫಲಕವನ್ನು ತೆಗೆದು ‘ನಗದು ಮಾತ್ರ’ ಎಂದು ಬರೆದರು. ನೋಂದಣಿ ಮಾಡಿಸಿದರೆ ಹಳೆಯ ಬಾಕಿಯನ್ನು ಕೇಳುವುದಿಲ್ಲವೆಂದು ಸರಕಾರವು ಅಭಯವಿತ್ತಿತು.

ಅರ್ಧ ಮಾತನಾಡುವ ಸಾಕ್ಷಿಗೆ ಯಾರು ಅಂಜರು? ಆದರೆ ವ್ಯಾಪಾರಿಯು ಇಲಾಖೆಯ ಮುಂದೆ ಕೇಳಿದುದೂ, ರೈತನು ತಲೆಮಾರುಗಳಿಂದ ವಹಿಯ ಮುಂದೆ ಕೇಳಲಾರದೆ ನಿಂತುದೂ ಒಂದನ್ನೇ: ತನ್ನ ಮೇಲಿನ ಲೆಕ್ಕದಲ್ಲಿ ತನ್ನ ಮಾತಿಗೂ ಎಡೆಯಿರಬೇಕೆಂಬುದನ್ನು. ಫಲಕವನ್ನು ತೆಗೆದ ಅಂಗಡಿಯಲ್ಲಿಯೂ ಉದ್ರಿಯ ವಹಿಯು ಇದ್ದೇ ಇರುವುದು. ಸಂಜೆಗೆ ಆ ಪುಟದ ಚಿತ್ರವನ್ನು ರೈತನ ಮೊಬೈಲಿಗೆ ಕಳುಹಿಸುವುದು ಅಂಗಡಿಕಾರನಿಗೆ ದೊಡ್ಡ ಕೆಲಸವಲ್ಲ. ‘ಒಪ್ಪಿದೆ’ ಎಂದೋ ‘ಇದು ತಪ್ಪು’ ಎಂದೋ ರೈತನು ಬರೆಯಬಹುದು. ಬರೆಯಲು ಬಾರದಿದ್ದರೆ ತನ್ನ ಧ್ವನಿಯಲ್ಲಿಯೇ ಹೇಳಿ ಕಳುಹಿಸಬಹುದು.